ಒಣ ಹಗ್ಗ, ಒದ್ದೆ ರಾಟೆ

ಒಂಬತ್ತನೇ ಕಂತು

"ಬೆರಳಿಡಬೇಡಿ ಮೇಡಂ. ಒಂದ್ಸಲ ಹತ್ತಿದ್ರೆ ಮೂರು ಸೋಪು ಕರಗಿದ್ರೂ ಹೋಗಲ್ಲ."

ಜಿಡ್ಡಜ್ಜ ಹೇಳಿ ಮುಗಿಸುವಷ್ಟರಲ್ಲಿ ತನಿಖಾಧಿಕಾರಿಯ ತೋರುಬೆರಳು ಕ್ರೇನಿನ ಕೊಕ್ಕೆಯ ಮೇಲಿನ ರಾಟೆಯ ಹಳ್ಳದೊಳಗೆ ಇಳಿದಾಗಿತ್ತು. ಹೊರಗೆ ಬಂದಾಗ ಉಗುರಿನ ಬುಡದವರೆಗೂ ಕಪ್ಪು.

ಅವರು ಬೆರಳನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳಿಗೆ ಒತ್ತಿ ಬಿಡಿಸಿದರೆ ಎಣ್ಣೆ ಸಣ್ಣ ನೂಲಿನ ಹಾಗೆ ಎಳೆಯಿತು. ಆಮೇಲೆ ಇನ್ನೊಂದು ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ಅದೇ ರಾಟೆಯಲ್ಲಿ ಹಾದು ಬಂದಿದ್ದ ಉಕ್ಕಿನ ಹಗ್ಗಕ್ಕೆ ಸುತ್ತಿ ಒಂದು ಮಾರು ಉದ್ದ ಎಳೆದರು. ಬಟ್ಟೆಗೆ ಹತ್ತಿದ್ದು ಕೆಂಪು ತುಕ್ಕಿನ ಪುಡಿ ಮಾತ್ರ. ಎಣ್ಣೆಯ ಪಸೆ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಕಟ್ಟಡವೊಂದರ ಕೆಲಸದಲ್ಲಿ ಈ ಕ್ರೇನಿನ ಹಗ್ಗ ತುಂಡಾಗಿ, ಉಕ್ಕಿನ ತೊಲೆ ಬಿದ್ದು, ಕೆಳಗೆ ನಿಂತು ಸಿಗ್ನಲ್ ಕೊಡುತ್ತಿದ್ದವನ ಸೊಂಟ ಮುರಿದಿತ್ತು. ತಲೆಗೂ ಪೆಟ್ಟಾಗಿ ಅವನಿಗೆ ಇನ್ನೂ ಎಚ್ಚರ ಬಂದಿರಲಿಲ್ಲ. ಅವನು ಜಿಡ್ಡಜ್ಜನ ಅಳಿಯ. ಹಗ್ಗಕ್ಕೆ ಎಣ್ಣೆ ಹಾಕುವ ಕೆಲಸ ಜಿಡ್ಡಜ್ಜನದು.

ಇವತ್ತು ಶುಕ್ರವಾರ. ಸಂಜೆ ಐದಕ್ಕೆ ವರದಿ ಮೇಲಧಿಕಾರಿಯ ಮೇಜಿನ ಮೇಲಿರಬೇಕು. ಕರಡು ಆಗಲೇ ಸಿದ್ಧವಾಗಿತ್ತು: ಹಗ್ಗ ಒಣಗಿತ್ತು, ಒಳಗೆಲ್ಲ ತುಕ್ಕು ಹಿಡಿದಿತ್ತು, ಎಣ್ಣೆ ಹಾಕಬೇಕಾದವನು ಹಾಕದೆ ಪುಸ್ತಕದಲ್ಲಿ ಹಾಕಿದ್ದೇನೆಂದು ಬರೆದಿದ್ದ. ಸಹಿ ಒಂದು ಬಿದ್ದರೆ ಅಜ್ಜ ಜೈಲಿಗೆ.

ತನಿಖಾಧಿಕಾರಿ ಸಹಿ ಹಾಕುವ ಮೊದಲು ಒಂದು ಸಲ ಕ್ರೇನ್ ನೋಡಿ ಬರುತ್ತೇನೆಂದು ಯಾರ್ಡಿಗೆ ಬಂದಿದ್ದರು.

"ಅಜ್ಜ, ಈ ಹಳ್ಳಕ್ಕೆ ಎಣ್ಣೆ ಯಾರು ಹಾಕ್ತಾರೆ?"

"ಹಳ್ಳಕ್ಕೆ ಯಾರೂ ಹಾಕಲ್ಲ. ರಾಟೆ ನಡುವೆ ನಿಪ್ಪಲ್ ಅಂತ ಸಣ್ಣ ಮೂತಿ ಇದೆ ನೋಡಿ, ಅಲ್ಲಿ ಗ್ರೀಸ್ ಗನ್ ಇಟ್ಟು ಒಳಗಿನ ಬೇರಿಂಗಿಗೆ ಕೊಡ್ತೀವಿ. ಹಳ್ಳಕ್ಕೆ ಬೇಕಾದ್ದು ಹಗ್ಗದಿಂದ್ಲೇ ಬರುತ್ತೆ. ಹಗ್ಗ ಓಡಾಡ್ತಾ ಓಡಾಡ್ತಾ ಬಳಿದು ಹೋಗುತ್ತೆ."

"ಹಗ್ಗದಲ್ಲಿ ಎಣ್ಣೆ ಇದ್ರೆ."

"ಹೌದು, ಇದ್ರೆ..." ಅಜ್ಜ ನಿಂತ. ಹಗ್ಗದ ಕಡೆ ನೋಡಿದ. ರಾಟೆಯ ಕಡೆ ನೋಡಿದ. ನಾಲ್ಕು ದಿನದಿಂದ ಅವನನ್ನು ಈ ಕ್ರೇನಿನ ಹತ್ತಿರಕ್ಕೂ ಬಿಟ್ಟಿರಲಿಲ್ಲ.

"ಹಳ್ಳ ತುಂಬಿ ಹರೀತಿದೆ, ಮಳೆ ಮಾತ್ರ ಬಂದೇ ಇಲ್ಲ ಅಂದ ಹಾಗಾಯ್ತು," ಎಂದರು ತನಿಖಾಧಿಕಾರಿ.

ಅಜ್ಜ ನಗಲಿಲ್ಲ. ಮೂವತ್ತಕ್ಕೇ ತಲೆ ನರೆತು ಯಾರ್ಡಿನವರ ಬಾಯಲ್ಲಿ ಅಜ್ಜನಾದವನು ಈಗ ಅರವತ್ತು ದಾಟಿದ್ದ. ಕೈಯ ಗೆರೆಗಳಲ್ಲಿ ಕಪ್ಪು ಕೂತು ಹಚ್ಚೆಯ ಹಾಗೆ ಕಾಣುತ್ತಿತ್ತು.

"ಮೇಡಂ, ಒಂದು ಮಾತು ಹೇಳ್ತೀನಿ, ಬರ್ಕೋಬೇಡಿ. ಭಾನುವಾರ ನಾನು ಎಣ್ಣೆ ಹಾಕಿದೀನಿ. ಡಬ್ಬ ಬಿಸಿಲಿಗಿಟ್ಟು ತೆಳು ಮಾಡಿ, ಹಗ್ಗ ಒರೆಸಿ, ಬ್ರಷ್‌ನಲ್ಲಿ ಒಂದೊಂದು ಸುತ್ತಿಗೂ ಹಾಕಿದೀನಿ. ಆದ್ರೆ ಎಲ್ಲರೂ ಹಗ್ಗ ಒಣಗಿತ್ತು, ಒಣಗಿತ್ತು ಅಂದಾಗ... ವಯಸ್ಸಾಯ್ತಲ್ಲ, ಹಾಕಿದೀನಿ ಅಂತ ಬರೀ ಅಂದ್ಕೊಂಡೆನಾ? ನಾಲ್ಕು ರಾತ್ರಿ ಇದೇ ಯೋಚನೆ. ಹೋದ ವಾರದ್ದನ್ನ ಈ ವಾರದ್ದು ಅಂತ ತಿಳ್ಕೊಂಡೆನಾ ಅಂತ."

"ಹಾಕೋವಾಗ ಲಿವರ್ ಹಿಡಿದವರು ಯಾರು?"

ಅಜ್ಜ ಹೆಗಲ ಮೇಲಿನ ಚಿಂದಿ ತೆಗೆದು ಕೈ ಒರೆಸತೊಡಗಿದ.

ತನಿಖಾಧಿಕಾರಿ ಬಂದ ಕೂಡಲೇ ಕ್ಯಾಬಿನ್ನಿನೊಳಗೆ ಕೂತು ನೋಡಿದ್ದರು. ಹಗ್ಗದ ಡ್ರಮ್ ತಿರುಗಿಸುವ ಲಿವರನ್ನು ಹಿಡಿದುಕೊಂಡೇ ಇರಬೇಕು. ಬಿಟ್ಟರೆ ಸ್ಪ್ರಿಂಗ್ ಅದನ್ನು ನಡುವಿಗೆ ತಳ್ಳುತ್ತದೆ, ಡ್ರಮ್ ನಿಲ್ಲುತ್ತದೆ. ಕ್ಯಾಬಿನ್ನಿನಿಂದ ಡ್ರಮ್ಮಿಗೆ ಒಂಬತ್ತು ಹೆಜ್ಜೆ, ಮೂರು ಮೆಟ್ಟಿಲು.

"ಯಾರೂ ಇಲ್ಲ. ನಾನೊಬ್ಬನೇ," ಎಂದ ಅಜ್ಜ ಕೊನೆಗೆ.

"ಸುಳ್ಳು."

ಮಾತು ಹಿಂದಿನಿಂದ ಬಂತು. ಗೇಟಿನ ಕಡೆಯಿಂದ ಅಜ್ಜನ ಮಗಳು ನಡೆದು ಬರುತ್ತಿದ್ದಳು. ಗಂಡನ ಕಪಾಟಿನಲ್ಲಿದ್ದ ಬಟ್ಟೆ, ಬೂಟು ತೆಗೆದುಕೊಂಡು ಹೋಗಲು ಆಸ್ಪತ್ರೆಯಿಂದ ನೇರ ಬಂದಿದ್ದಳು. ಕೂದಲು ಬಾಚಿ ಎರಡು ದಿನವಾದಂತಿತ್ತು.

"ಒಬ್ಬರ ಕೈಲಿ ಆಗಲ್ಲ ಮೇಡಂ. ನನಗೇ ಗೊತ್ತು. ಎಂಟು ವರ್ಷದವಳಿದ್ದಾಗ ರಜಾ ದಿನ ನನ್ನನ್ನೇ ಆ ಸೀಟಿನಲ್ಲಿ ಕೂರಿಸಿ ಲಿವರ್ ಹಿಡಿಸ್ತಿದ್ರು. 'ಮೆಲ್ಲಗೆ, ಹಸು ನಡೆದ ಹಾಗೆ' ಅಂತ ಕಿರುಚ್ತಿದ್ರು. ಭಾನುವಾರ ಜೊತೆಗೆ ಯಾರೂ ಇರಲಿಲ್ಲ ಅಂದ್ರೆ ಎಣ್ಣೆ ಹಾಕಿಲ್ಲ ಅಂತಲೇ ಅರ್ಥ. ಪುಸ್ತಕದಲ್ಲಿ ಮಾತ್ರ ಹಾಕಿದಾರೆ."

"ನಿಮ್ಮ ತಂದೆ..."

"ಅವರನ್ನ ಕೇಳಿ. ನಾನು ಅವರ ಹತ್ರ ಮಾತಾಡಲ್ಲ."

ಅಜ್ಜ ಮಗಳ ಚಪ್ಪಲಿ ನೋಡುತ್ತ ನಿಂತಿದ್ದ. "ಊಟ ಮಾಡಿದ್ಯೇನವ್ವಾ?" ಎಂದ.

"ಮೇಡಂ, ನಾನು ಊಟ ಮಾಡಿದೀನಿ ಅಂತ ಅವರಿಗೆ ಹೇಳಿ."

ಎರಡಡಿ ದೂರದಲ್ಲಿ ನಿಂತ ಅಪ್ಪ ಮಗಳ ನಡುವೆ ಮಾತು ದಾಟಿಸುವುದು ತನಿಖಾಧಿಕಾರಿಯ ಕೆಲಸವಾಗಿರಲಿಲ್ಲ. ಆದರೂ ಹೇಳಿದರು: "ಊಟ ಆಗಿದೆಯಂತೆ." ಅಜ್ಜ ತಲೆಯಾಡಿಸಿದ.

"ನೀವು ಹೇಳಿದ್ದು ಅರ್ಧ ಸರಿ ಅಮ್ಮಾ," ಎಂದು ಅವರು ಮಗಳ ಕಡೆ ತಿರುಗಿದರು. "ಒಬ್ಬರ ಕೈಲಿ ಆಗಲ್ಲ. ಹಾಗಿದ್ರೆ ಎಣ್ಣೆ ಹಾಕಿಲ್ಲ ಅಂತ ಒಂದು ಲೆಕ್ಕ. ಇನ್ನೊಬ್ಬರು ಇದ್ರು, ಅವರ ಹೆಸರು ಹೇಳೋಕೆ ಇವರಿಗೆ ಮನಸ್ಸಿಲ್ಲ ಅಂತ ಇನ್ನೊಂದು ಲೆಕ್ಕ."

ಮಗಳು ಮೊದಲ ಸಲ ಅಪ್ಪನ ಕಡೆ ತಿರುಗಿ ನೋಡಿದಳು.

ಅಷ್ಟರಲ್ಲಿ ಶೆಡ್ಡಿನೊಳಗಿಂದ ಮೇಸ್ತ್ರಿ ಹೊರಬಂದ. ಯಾರ್ಡಿನ ಐದು ಕ್ರೇನುಗಳ ರಿಪೇರಿ ಅವನ ಜವಾಬ್ದಾರಿ. ದಪ್ಪ ಮನುಷ್ಯ; ನಡೆದರೆ ಸೊಂಟದ ಸ್ಪ್ಯಾನರುಗಳು ಗಲಗಲ ಎನ್ನುತ್ತಿದ್ದವು. ಮಂಗಳವಾರ ಬರೆದುಕೊಟ್ಟ ಹೇಳಿಕೆಯಲ್ಲಿ ಅವನು, "ಭಾನುವಾರ ನಾನು ಯಾರ್ಡಿಗೆ ಬಂದಿರಲಿಲ್ಲ. ಎಣ್ಣೆ ಹಾಕಿದ್ದನ್ನು ನೋಡಿಲ್ಲ," ಎಂದಿದ್ದ.

"ಇನ್ನೂ ಮುಗೀಲಿಲ್ವಾ ಮೇಡಂ? ನೋಡಿ ನೋಡಿ ಕ್ರೇನಿಗೇ ನಾಚಿಕೆ ಆಗ್ತಿದೆ."

"ಒಂದೇ ಒಂದು ಕೆಲಸ ಬಾಕಿ. ಈ ಬೆಣೆ ಬಿಚ್ಚಿ ತೋರಿಸಿ."

ಹಗ್ಗದ ತುದಿ ಕೊಕ್ಕೆಯ ಪಕ್ಕದ ಉಕ್ಕಿನ ಗೂಡಿನಲ್ಲಿತ್ತು. ಹಗ್ಗವನ್ನು ಗೂಡಿನೊಳಗೆ ಬಾಗಿಸಿ, ಬಾಗಿದ ಕಡೆ ಬೆಣೆಯಿಟ್ಟು ಹೊಡೆದಿರುತ್ತಾರೆ. ಭಾರ ಹೆಚ್ಚಿದಷ್ಟೂ ಬೆಣೆ ಹಗ್ಗವನ್ನು ಬಿಗಿಯಾಗಿ ಕಚ್ಚುತ್ತದೆ.

ಮೇಸ್ತ್ರಿಯ ಮುಖದ ನಗು ಹಾಗೇ ನಿಂತಿತು, ಕಣ್ಣಿನಿಂದ ಮಾತ್ರ ಹೊರಟುಹೋಯಿತು. "ಅದು ಸೀಲ್ ಆಗಿರೋ ವಸ್ತು ಅಲ್ವಾ?"

"ಸೀಲ್ ಹಾಕಿದ್ದು ನಾನೇ. ಒಡೆಯೋದೂ ನಾನೇ. ಅಜ್ಜ, ನೀವು ಬಿಚ್ಚಿ."

ಅಜ್ಜ ಸುತ್ತಿಗೆ ತಂದ. ಮೂರು ಪೆಟ್ಟು ಬೇಕಾಗಬಹುದೆಂದು ಕಾಲು ಊರಿ ನಿಂತ. ಮೊದಲ ಪೆಟ್ಟಿಗೇ ಬೆಣೆ ಜಾರಿ ನೆಲಕ್ಕೆ ಬಿತ್ತು. ಹಗ್ಗ ಗೂಡಿನಿಂದ ಈಚೆ ಬಂದು ಮೆಲ್ಲಗೆ ನೆಟ್ಟಗಾಯಿತು.

ಅಜ್ಜ ಕೂತುಬಿಟ್ಟ. ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ಇದು ನನ್ನ ಹಗ್ಗ ಅಲ್ಲ."

ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ.

"ಇದು ನನ್ನ ಹಗ್ಗ ಅಲ್ಲ ಮೇಡಂ! ಎಂಟು ತಿಂಗಳು ಟನ್‌ಗಟ್ಟಲೆ ಎತ್ತಿದ ಹಗ್ಗ, ಬೆಣೆ ಹತ್ರ ಚಪ್ಪಟೆ ಆಗಿ ಬಾಗಿರುತ್ತೆ. ಬಿಚ್ಚಿದ ಜಡೆ ಹಾಗೆ, ಎಷ್ಟು ನೀವಿದ್ರೂ ನೆಟ್ಟಗಾಗಲ್ಲ. ಇದು ನೋಡಿ, ಕಡ್ಡಿ ಹಾಗಿದೆ. ಈ ಗೂಡಲ್ಲಿ ಇದು ಒಂದು ದಿನವೂ ಭಾರ ಹೊತ್ತಿಲ್ಲ." ಅವನು ಮಗಳ ಕಡೆ ತಿರುಗಿದ. "ನನಗೆ ಮರೆವು ಬಂದಿಲ್ಲ ಕಣವ್ವಾ. ನಾನು ಹಾಕಿದೀನಿ."

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು.

ತನಿಖಾಧಿಕಾರಿ ಮೇಸ್ತ್ರಿಯ ಎದುರಿಗೆ ಹೋಗಿ ನಿಂತರು. ಅವನಿಗಿಂತ ಒಂದು ಗೇಣು ಕುಳ್ಳು.

"ಸೋಮವಾರ ಎಲ್ಲರೂ ಆಸ್ಪತ್ರೆಗೆ ಓಡಿದ್ರು. ಕ್ರೇನನ್ನ ಯಾರ್ಡಿಗೆ ತಂದವರು ನೀವು. ನಾನು ಬಂದು ಸೀಲ್ ಹಾಕಿದ್ದು ಮಾರನೇ ದಿನ. ನಡುವೆ ಎಷ್ಟು ಹೊತ್ತು ಸಿಕ್ತು?"

"ಏನಕ್ಕೆ?"

"ಹಗ್ಗ ಬದಲಾಯಿಸೋಕೆ."

"ಹಗ್ಗಕ್ಕೆ ಸಾಕಾಯ್ತು, ರಾಟೆ ಒರೆಸೋಕೆ ಸಾಲಲಿಲ್ಲ," ಎಂದು ತಡೆದು ತಡೆದು ಹೇಳಿದ ಮೇಸ್ತ್ರಿ. ಆಮೇಲೆ ಪಕ್ಕದ ಟೈರಿನ ಮೇಲೆ ಕುಸಿದು ಕೂತ.

ಇಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ಅವರು ಎಣಿಸಿರಲಿಲ್ಲ.

"ಭಾನುವಾರ ಲಿವರ್ ಹಿಡಿದಿದ್ದೂ ನೀವೇ?"

"ನಾನೇ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ. 'ಮೆಲ್ಲಗೆ, ಹಸು ನಡೆದ ಹಾಗೆ' ಅಂತ ಬೈಸ್ಕೊಂಡೂ ಆಯ್ತು. ಮೂವತ್ತು ವರ್ಷದಿಂದ ಬೈಸ್ಕೊಳ್ತಿದೀನಿ."

"ಮತ್ತೆ ಬಂದಿರಲಿಲ್ಲ ಅಂತ ಬರೆದುಕೊಟ್ರಲ್ಲ!" ಮಗಳು ಮುಂದೆ ನುಗ್ಗಿದಳು. "ನಿಮ್ಮನ್ನ ಮಾವ ಮಾವ ಅಂತ ಕರೆದೆನಲ್ಲ! ನಮ್ಮನೇಲಿ ತಟ್ಟೆ ಹಾಕಿಸ್ಕೊಂಡು ಉಂಡಿದೀರಲ್ಲ! ಅಪ್ಪನ ಕುತ್ತಿಗೆಗೆ ತಂದಿಟ್ಟು..."

ಸಿಟ್ಟಿನಲ್ಲಿ ತನ್ನ ಬಾಯಿಂದ ಬಂದ 'ಅಪ್ಪ' ಅವಳಿಗೆ ಕೇಳಿಸಿದಂತಿರಲಿಲ್ಲ. ಅಜ್ಜನಿಗೆ ಕೇಳಿಸಿತ್ತು.

"ಬಿಡವ್ವಾ," ಎಂದ ಅವನು. "ಅವನಿಗೂ ಏನೋ ಕಷ್ಟ ಇದ್ದಿರಬೇಕು. ಅದಕ್ಕೇ ನಾನು ಬಾಯಿ ಬಿಡಲಿಲ್ಲ."

ಮೇಸ್ತ್ರಿ ಅಂಗೈಯಿಂದ ಮುಖ ಉಜ್ಜಿಕೊಂಡ. "ನೋಡಿ ಮೇಡಂ, ಈ ಮನುಷ್ಯ ಹೀಗೆ. ಇವರನ್ನ ಉಳಿಸೋಕೆ ಹೋಗಿ ನಾನೇ ಇವರ ಮುಖಕ್ಕೆ ಮಸಿ ಬಳಿದೆ. ಬನ್ನಿ, ತೋರಿಸ್ತೀನಿ. ನೋಡಿದ್ಮೇಲೆ ನೀವೂ ಅದನ್ನೇ ಮಾಡ್ತಿದ್ರೋ ಏನೋ."

ಶೆಡ್ಡಿನ ಹಿಂದೆ ಹಳೆಯ ಡೀಸೆಲ್ ಪೀಪಾಯಿಗಳ ಸಾಲು. ಮೂರನೆಯದರ ಮುಚ್ಚಳ ಎತ್ತಿ, ಟಾರ್ಪಾಲು ಸರಿಸಿ, ಮೇಸ್ತ್ರಿ ಒಳಗಿನಿಂದ ಸುರುಳಿ ಸುತ್ತಿದ ಹಗ್ಗ ಹೊರತೆಗೆದ. ಕಪ್ಪಗೆ, ಮೈತುಂಬ ಎಣ್ಣೆ ಮೆತ್ತಿಕೊಂಡು ಬಿಸಿಲಿಗೆ ಹೊಳೆಯಿತು. ತುದಿಯಲ್ಲಿ ಬೆಣೆ ಕಚ್ಚಿದ ಬಾಗು ಹಾಗೇ ಇತ್ತು.

ಅಜ್ಜ ಅದರ ಬೆನ್ನು ಸವರಿದ, ಕಳೆದುಹೋದ ದನ ಸಿಕ್ಕವನ ಹಾಗೆ.

"ತುಂಡಾದ ಜಾಗ ಇಲ್ಲಿದೆ," ಎಂದು ಮೇಸ್ತ್ರಿ ಇನ್ನೊಂದು ತುದಿ ಎತ್ತಿ ಹಿಡಿದ.

ತನಿಖಾಧಿಕಾರಿ ಭೂತಗನ್ನಡಿ ತೆಗೆದರು. ಆರು ಎಳೆಗಳ ಹಗ್ಗ. ಒಂದೊಂದು ಎಳೆಯಲ್ಲೂ ಹತ್ತಾರು ತಂತಿ. ಎರಡು ಎಳೆಗಳ ತಂತಿಗಳು ಕತ್ತು ಸಣ್ಣಗಾಗಿ, ಸೂಜಿಮೊನೆಯ ಹಾಗೆ ಎಳೆದು ಹರಿದಿದ್ದವು. ಭಾರಕ್ಕೆ ತುಂಡಾದ ತಂತಿ ಹಾಗೇ ಇರುತ್ತದೆ. ಉಳಿದ ನಾಲ್ಕು ಎಳೆಗಳ ತಂತಿಗಳ ತುದಿ ಮಟ್ಟಸ. ಬ್ಲೇಡಿನ ಗೀರು ಕೂಡ ಕಾಣುತ್ತಿತ್ತು.

"ಗರಗಸ," ಎಂದರು ಅವರು.

"ಹ್ಯಾಕ್‌ಸಾ ಬ್ಲೇಡು. ಡ್ರಮ್ ಮೇಲೆ ಒಳಸುತ್ತಿನಲ್ಲಿದ್ದ ಜಾಗ. ಮೇಲಿಂದ ನೋಡಿದ್ರೆ ಕಾಣಲ್ಲ. ಹಗ್ಗ ಪೂರ್ತಿ ಕೆಳಗಿಳಿದು ಭಾರ ಬಿದ್ದಾಗಲೇ ಹೋಗೋದು." ಮೇಸ್ತ್ರಿಯ ಸ್ವರ ಇಳಿಯಿತು. "ನೋಡಿದ ಕೂಡಲೇ ನನ್ನ ಯೋಚನೆ ಓಡಿದ್ದು ಒಂದೇ ಕಡೆ. ಭಾನುವಾರ ಹಗ್ಗ ಪೂರ್ತಿ ಬಿಚ್ಚಿ ಮುಟ್ಟಿ, ನಾನು ಹೋದ್ಮೇಲೂ ಇಲ್ಲಿದ್ದವರು ಯಾರು? ಅಜ್ಜ. ಶನಿವಾರ ಅಳಿಯನ ಮೇಲೆ ಊಟದ ಹೊತ್ತಲ್ಲಿ ಕೂಗಾಡಿದವರು ಯಾರು? ಇದೇ ಅಜ್ಜ. 'ತೊಲೆ ಕೆಳಗೆ ನಿಂತ್ಕೋಬೇಡ ಅಂತ ಎಷ್ಟು ಸಲ ಹೇಳ್ಲಿ, ಒಂದಿನ ನಿನ್ನ ತಲೆ ಮೇಲೇ ಬೀಳುತ್ತೆ' ಅಂತ. ಹತ್ತು ಜನ ಕೇಳಿಸ್ಕೊಂಡಿದಾರೆ. ಪ್ರೀತಿಗೆ ಬೈದಿದ್ದು ಅಂತ ನನಗೆ ಗೊತ್ತು. ಕೋರ್ಟಿಗೆ ಗೊತ್ತಾಗುತ್ತಾ?"

"ಅದಕ್ಕೆ?"

"ಅದಕ್ಕೆ ಲಾರಿ ಎಳೆಯೋವಾಗ ತುಂಡಾಗಿ ಗುಜರಿಗೆ ಬಿದ್ದಿದ್ದ ಒಣ ಹಗ್ಗ ತಂದು ಹಾಕ್ದೆ. ಎಣ್ಣೆ ಹಾಕ್ಲಿಲ್ಲ ಅಂದ್ರೆ ನಿರ್ಲಕ್ಷ್ಯ. ಒಂದೆರಡು ವರ್ಷದಲ್ಲಿ ಮನೆಗೆ ಬರ್ತಾರೆ. ಕೊಯ್ದಿದಾರೆ ಅಂದ್ರೆ ಕೊಲೆ ಯತ್ನ; ಈ ವಯಸ್ಸಲ್ಲಿ ಹೋದವರು ವಾಪಸ್ ಬರ್ತಾರಾ? ಆಮೇಲೆ ಅವತ್ತು ನಾನೂ ಇದ್ದೆ ಅಂದ್ರೆ ಎಣ್ಣೆ ಹಾಕಿದ್ದನ್ನ ಒಪ್ಕೋಬೇಕಾಗುತ್ತೆ. ಅದಕ್ಕೇ ಬಂದಿರಲಿಲ್ಲ ಅಂತ ಬರೆದೆ."

"ಎಂಥ ಬುದ್ಧಿವಂತಿಕೆ," ಎಂದಳು ಮಗಳು ಅಳುತ್ತಲೇ. "ನೆಗಡಿ ಆಯ್ತು ಅಂತ ಮೂಗು ಕೊಯ್ದ ಹಾಗೆ."

"ಕೊಯ್ದೋನು ನಾನಲ್ಲ ತಾಯಿ."

ತನಿಖಾಧಿಕಾರಿ ಇನ್ನೂ ಭೂತಗನ್ನಡಿಯಲ್ಲೇ ಇದ್ದರು. ಮಟ್ಟಸವಾಗಿ ಕೊಯ್ದ ತುದಿಗಳ ಸಂದಿಯಲ್ಲಿ ಏನೋ ಮೆತ್ತಿಕೊಂಡಿತ್ತು. ಕಪ್ಪು ಎಣ್ಣೆಯಲ್ಲ. ಬೆಣ್ಣೆಯಷ್ಟು ಗಟ್ಟಿ, ಮಸುಕು ಹಸಿರು.

"ಮೇಸ್ತ್ರಿ, ಇದೇನು?"

ಅವನು ಬಗ್ಗಿ ನೋಡಿದ. ಹುಬ್ಬು ಗಂಟಿಕ್ಕಿತು. "ಗ್ರೀಸು! ಇದನ್ನ ಅವತ್ತು ನೋಡೇ ಇರಲಿಲ್ಲ."

"ಹಗ್ಗಕ್ಕೆ ಗ್ರೀಸ್ ಹಾಕ್ತೀರಾ?"

"ಛೆ, ಛೆ. ಗ್ರೀಸು ಬೇರಿಂಗಿಗೆ, ಹಲ್ಲಿನ ಚಕ್ರಕ್ಕೆ. ಹಗ್ಗಕ್ಕೆ ಬಳಿದ್ರೆ ಮೇಲೇ ಕೂರುತ್ತೆ, ಒಳಗಿಳಿಯಲ್ಲ. ಒಳಗೆ ತಂತಿ ಒಂದೊಂದೇ ಸಾಯ್ತಿದ್ರೂ ಮೇಲೆ ನುಣ್ಣಗೆ ಕಾಣುತ್ತೆ. ಗೊತ್ತಿಲ್ಲದವರು ಮಾಡೋ ಕೆಲಸ."

"ಅಂದ್ರೆ ಕೊಯ್ದ ಗುರುತು ಮುಚ್ಚೋಕೆ ಯಾರೋ ಗ್ರೀಸ್ ತುಂಬಿದಾರೆ. ನಲವತ್ತು ವರ್ಷ ಹಗ್ಗಕ್ಕೆ ಎಣ್ಣೆ ಹಾಕಿದವರಿಗೆ ಆ ಯೋಚನೆ ಬರುತ್ತಾ?"

ಮೇಸ್ತ್ರಿ ಹಣೆ ಚಚ್ಚಿಕೊಂಡ. "ಬರಲ್ಲ. ಬ್ರಷ್‌ನಲ್ಲಿ ಎರಡು ಸಲ ಎಣ್ಣೆ ಸವರಿದ್ರೆ ಸಾಕಾಗಿತ್ತು. ಅಯ್ಯೋ, ನನ್ನ ಬುದ್ಧಿಗಿಷ್ಟು! ಆಮೇಲೆ ಮೇಡಂ, ಈ ಬಣ್ಣದ ಗ್ರೀಸ್ ನಮ್ಮ ಯಾರ್ಡಿನಲ್ಲೇ ಇಲ್ಲ. ನಮ್ಮದು ಜೇನಿನ ಬಣ್ಣ. ಬೇಕಾದ್ರೆ ಸ್ಟೋರ್ ತೆಗೆದು ನೋಡಿ."

"ನೋಡ್ತೀನಿ. ಆದ್ರೆ ಐದು ಗಂಟೆ ವರದಿಯಲ್ಲಿ ಅಜ್ಜನ ಹೆಸರು ಇರಲ್ಲ."

ಮಗಳು ಅಪ್ಪನ ತೋಳು ಹಿಡಿದುಕೊಂಡಳು. ನಾಲ್ಕು ದಿನ ಆಡದ ಮಾತಿಗೆಲ್ಲ ಸೇರಿಸಿ ಒಂದೇ ಸಲ ಅತ್ತಳು. ಅಜ್ಜ ಜಿಡ್ಡು ಕೈ ಅವಳ ತಲೆಗೆ ತಾಗದಂತೆ ಮೊಣಕೈಯಿಂದ ಬೆನ್ನು ತಟ್ಟಿದ. "ಆಯ್ತು, ಆಯ್ತು. ಎಲ್ಲಿ, ನನಗೂ ತೋರಿಸಿ ಆ ಗ್ರೀಸು. ಕಂಡ್ರೆ ಯಾವ ಕೆಲಸದ್ದು ಅಂತ ಹೇಳ್ತೀನಿ."

ಅವನು ಚೂರು ಗ್ರೀಸನ್ನು ಬೆರಳ ತುದಿಗೆ ತೆಗೆದುಕೊಂಡ. ಎರಡು ಬೆರಳ ನಡುವೆ ಉಜ್ಜಿದ. ಮೂಗಿಗೆ ಹಿಡಿದ.

ಇನ್ನೊಂದು ಸಲ ಮೂಗಿಗೆ ಹಿಡಿದ.

ಮುಂದೆ ಆದದ್ದನ್ನು ತಡೆಯಲು ಯಾರಿಗೂ ಹೊತ್ತಿರಲಿಲ್ಲ. ಅಜ್ಜ ಹೆಗಲ ಮೇಲಿನ ಚಿಂದಿ ಎಳೆದು, ಹಗ್ಗದ ತುದಿಯನ್ನು ಅದರಲ್ಲಿ ಮುಚ್ಚಿ ತಿರುಚಿದ. ಒಂದೇ ಒರೆಸು. ಚಿಂದಿ ಬಿಡಿಸಿದಾಗ ನಾಲ್ಕು ಎಳೆಗಳ ಸಂದಿಯೂ ತೊಳೆದಿಟ್ಟ ಹಾಗಿತ್ತು.

"ಅಜ್ಜ!" ಎಂದರು ತನಿಖಾಧಿಕಾರಿ.

"ನಾನೇ ಕೊಯ್ದಿದ್ದು." ಅವನು ಚಿಂದಿಯನ್ನು ಮುಷ್ಟಿಯೊಳಗೆ ಬಿಗಿಹಿಡಿದಿದ್ದ. "ಅಳಿಯನ ಮೇಲೆ ಸಿಟ್ಟಿತ್ತು. ಭಾನುವಾರ ಮೇಸ್ತ್ರಿ ಹೋದ್ಮೇಲೆ ಕೊಯ್ದೆ. ಬರ್ಕೊಳ್ಳಿ. ಎಲ್ಲಿ ಹೇಳ್ತೀರೋ ಅಲ್ಲಿ ಸಹಿ ಹಾಕ್ತೀನಿ."

"ಅಪ್ಪಾ, ಏನು ಮಾತಾಡ್ತಿದೀರಾ?"

"ನೀನು ಸುಮ್ನಿರವ್ವಾ."

"ಆ ಚಿಂದಿ ಕೊಡಿ," ಎಂದು ತನಿಖಾಧಿಕಾರಿ ಕೈ ಚಾಚಿದರು. "ಯಾರ ಗ್ರೀಸು ಅದು? ಗುರುತು ಸಿಕ್ತಲ್ಲ ನಿಮಗೆ. ಯಾರದು?"

ಅಜ್ಜ ಅವರ ಕಡೆ ನೋಡಲಿಲ್ಲ. ಮಗಳ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ಅವನ ಜಿಡ್ಡು ಕೈ ಅವಳ ರವಿಕೆಗೆ ಹತ್ತಿದ್ದು ಅವನ ಗಮನಕ್ಕೆ ಬರಲಿಲ್ಲ.

"ಈಗಲೇ ಆಸ್ಪತ್ರೆಗೆ ಹೋಗು. ಅವನ ಮಂಚ ಬಿಟ್ಟು ಕದಲಬೇಡ. ಎಚ್ಚರ ಆಗೋವರೆಗೂ ಒಬ್ಬರನ್ನೂ ಹತ್ರ ಬಿಡಬೇಡ. ಯಾರೇ ಬಂದ್ರೂ ಸರಿ, ನಮ್ಮೋರೇ ಬಂದ್ರೂ ಸರಿ."

"ನಮ್ಮೋರಾ?"

ತಾನೇ ಕೊಯ್ದೆ ಎನ್ನುವವನು ಇನ್ನು ಯಾರಿಗೆ ಹೆದರಬೇಕು? ತನಿಖಾಧಿಕಾರಿ ಆ ಪ್ರಶ್ನೆಯನ್ನು ಅಜ್ಜನಿಗೆ ಹಾಕಲಿಲ್ಲ. ಮಗಳ ಕಡೆ ತಿರುಗಿದರು.

"ನೀವು ಇಲ್ಲಿದೀರಿ. ಈಗ ನಿಮ್ಮ ಯಜಮಾನರ ಹತ್ರ ಯಾರಿದಾರೆ?"

"ನಮ್ಮಣ್ಣ ಇದಾನೆ, ಗ್ಯಾರೇಜಿಗೆ ರಜಾ ಹಾಕಿ ಬಂದಿದಾನೆ," ಎಂದಳು ಮಗಳು. "ನೀನು ಹೋಗಿ ಬಾ, ನಾನು ನೋಡ್ಕೋತೀನಿ ಅಂತ ಅವನೇ ಕಳಿಸ್ದ."

ಅಜ್ಜನ ಮುಷ್ಟಿ ಬಿಚ್ಚಿತು. ಚಿಂದಿ ಕೆಳಗೆ ಬಿತ್ತು.